ಬಿಳಿ ಪುಟ, ಹಳದಿ ಪುಟ, ಷಟರ್ ಮೇಲಿನ ನಂಬರ್

08154 ಚಿಂತಾಮಣಿ. 08155 ಗೌರಿಬಿದನೂರು. 08156 ಚಿಕ್ಕಬಳ್ಳಾಪುರ. 08158 ಶಿಡ್ಲಘಟ್ಟ. ಮಧ್ಯದ 08157 ಎಲ್ಲಿ ಹೋಯ್ತು ಅಂತ ಕೇಳ್ತೀರಾ? ಅದು ಶ್ರೀನಿವಾಸಪುರದ್ದು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದಾಗ ಶ್ರೀನಿವಾಸಪುರ ಕೋಲಾರದ ಜೊತೆಯಲ್ಲೇ ಉಳೀತು. ಬಾಗೇಪಲ್ಲಿಯ 08150ರಿಂದ ಮುಳಬಾಗಿಲಿನ 08159ರವರೆಗೆ ಹತ್ತು ಕೋಡುಗಳನ್ನು ಸಾಲಾಗಿ ಬರೆದರೆ ಹಳೆಯ ಕೋಲಾರ ಜಿಲ್ಲೆಯ ನಕ್ಷೆ ಎದುರಿಗೆ ನಿಲ್ಲುತ್ತೆ. ಜಿಲ್ಲೆ ಒಡೆದು ಎರಡಾಯ್ತು, ಕಚೇರಿಗಳು ಬೇರೆಯಾದವು, ಫೋನ್ ಕೋಡುಗಳು ಮಾತ್ರ ಇನ್ನೂ ಒಟ್ಟು ಕುಟುಂಬದಲ್ಲೇ ಇವೆ.

ಆದರೆ ಈ ಕೋಡುಗಳನ್ನ ಇವತ್ತು ಯಾರು ಒತ್ತುತ್ತಾರೆ? ಸರ್ಕಾರಿ ಕಚೇರಿ, ಬ್ಯಾಂಕು, ಕೆಲವು ಆಸ್ಪತ್ರೆ, ಹಳೇ ಮಂಡಿ ವರ್ತಕರು ಇಷ್ಟು ಬಿಟ್ಟರೆ ಅಂಗಡಿ ಅಂದ್ರೆ ಈಗ ಮೊಬೈಲೇ. ಮೊಬೈಲಿಗೆ ಊರಿಲ್ಲ, ಕೋಡಿಲ್ಲ, ಅದನ್ನ ಹುಡುಕೋಕೆ ಒಂದು ಪುಸ್ತಕವೂ ಇಲ್ಲ. ಚಿಂತಾಮಣಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡೋರ ನಂಬರ್ ಬೇಕು. ಶಿಡ್ಲಘಟ್ಟದಲ್ಲಿ ರೀಲಿಂಗ್ ಮಷೀನಿನ ಬಿಡಿಭಾಗ ಮಾರೋರ ನಂಬರ್ ಬೇಕು. ಗೌರಿಬಿದನೂರಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಲೋಡ್ ಬಂತಾ ಅಂತ ಕೇಳಬೇಕು. ಚಿಕ್ಕಬಳ್ಳಾಪುರದ ಹೂವಿನ ಮಂಡಿಯಲ್ಲಿ ಇವತ್ತಿನ ಸೇವಂತಿಗೆ ರೇಟ್ ಕೇಳಬೇಕು. ಎಲ್ಲಿ ಸಿಗುತ್ತೆ ನಂಬರ್? "ಗೂಗಲ್‌ನಲ್ಲಿ ಹೊಡಿ" ಅನ್ನೋದು ಎಲ್ಲರ ಬಾಯಲ್ಲೂ ಸಿದ್ಧವಾಗಿರೋ ಉತ್ತರ. ಹೊಡೆದರೆ ಏನೋ ಒಂದು ನಂಬರ್ ಸಿಗುತ್ತೆ, ದುಡ್ಡೂ ಖರ್ಚಾಗಲ್ಲ. ಆದರೆ ಆ ನಂಬರನ್ನ ಅಲ್ಲಿ ಯಾರು ಬರೆದರು? ತಪ್ಪಾದರೆ ಯಾರನ್ನ ಕೇಳೋದು? ಒಂದು ಪುಸ್ತಕ ಕೈಗೆ ಬಂದರೆ ಬರೆದವರು ಯಾರು, ಅಚ್ಚು ಹಾಕಿದವರು ಯಾರು ಅಂತ ನೋಡ್ತೀವಿ. ನಂಬರ್ ಕೊಡೋ ಜಾಗಗಳನ್ನೂ ಹಾಗೇ ತೂಗಿ ನೋಡಬೇಕು. ಈ ಬರಹ ಅಂಥದೊಂದು ತೂಕ.

ಮೊದಲಿಗೆ ದುಡ್ಡಿನ ವಿಷಯ. ಬ್ರಿಟನ್ನಿನಲ್ಲಿ ನಂಬರ್ ಕೇಳೋದು ದೊಡ್ಡ ಖರ್ಚಿನ ಬಾಬ್ತು. ಅಲ್ಲಿ 192ಕ್ಕೆ ಫೋನ್ ಮಾಡಿ ಯಾರ ನಂಬರ್ ಬೇಕಾದರೂ ಕೇಳಬಹುದಿತ್ತು, 1991ರವರೆಗೆ ಅದು ಪುಕ್ಕಟೆ. ಆಮೇಲೆ ಶುಲ್ಕ ಬಂತು. 2003ರಲ್ಲಿ 192 ಮುಚ್ಚಿ, 118ರಿಂದ ಶುರುವಾಗೋ ಖಾಸಗಿ ನಂಬರುಗಳು ಬಂದವು. ಪೈಪೋಟಿ ಬಂದರೆ ರೇಟ್ ಇಳಿಯುತ್ತೆ ಅಂದುಕೊಂಡವರಿಗೆ ಆದದ್ದು ಉಲ್ಟಾ. ಶುಲ್ಕ ಎಷ್ಟು ಏರಿತು ಅಂದ್ರೆ, 2019ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಮಧ್ಯೆ ಬಂದು 90 ಸೆಕೆಂಡಿಗೆ 3.65 ಪೌಂಡಿಗಿಂತ ಜಾಸ್ತಿ ಕೀಳಬಾರದು ಅಂತ ಮಿತಿ ಹಾಕಬೇಕಾಯ್ತು. ಒಂದೂವರೆ ನಿಮಿಷಕ್ಕೆ ಮುನ್ನೂರು ರೂಪಾಯಿಗೂ ಮೇಲೆ! ಅಲ್ಲಿನ ಜನ ದುಡ್ಡು ಕೊಡದೆ ನಂಬರ್ ಹುಡುಕೋ ದಾರಿಗಳನ್ನ ಹುಡುಕಿದ್ದರಲ್ಲಿ ಆಶ್ಚರ್ಯ ಇಲ್ಲ.

ನಮ್ಮಲ್ಲಿ ಹಾಗಲ್ಲ. ಲ್ಯಾಂಡ್‌ಲೈನಿನಿಂದ 197 ಒತ್ತಿದರೆ ಟೆಲಿಫೋನ್ ಇಲಾಖೆಯ, ಆಮೇಲೆ ಬಿಎಸ್‌ಎನ್‌ಎಲ್‌ನ ಡೈರೆಕ್ಟರಿ ಎನ್‌ಕ್ವೈರಿ ಸಿಗ್ತಿತ್ತು, ಅದಕ್ಕೆ ಚಾರ್ಜ್ ಇಲ್ಲ. ದುಡ್ಡಿನ ಬದಲು ತಾಳ್ಮೆ ಕೊಡಬೇಕಿತ್ತು ಅಷ್ಟೆ. ಎಂಗೇಜ್ ಟೋನ್ ದಾಟಿ ಲೈನ್ ಸಿಕ್ಕಿತು ಅನ್ನಿ, ಆಚೆ ಕಡೆಯಿಂದ ಮೊದಲ ಪ್ರಶ್ನೆ: "ಫೋನ್ ಯಾರ ಹೆಸರಲ್ಲಿದೆ?" ಅಂಗಡಿ ಬೋರ್ಡಿನಲ್ಲಿ ವೆಂಕಟೇಶ್ವರ ಟ್ರೇಡರ್ಸ್, ಫೋನ್ ಇರೋದು ಅಂಗಡಿ ಯಜಮಾನನ ಅಪ್ಪನ ಹೆಸರಲ್ಲಿ, ಅದೂ ಮೂರು ಇನಿಷಿಯಲ್ ಸಮೇತ. ಅಪ್ಪನ ಹೆಸರು ಗೊತ್ತಿರುವಷ್ಟು ಬಳಕೆ ಇದ್ದವನಿಗೆ ನಂಬರೂ ಗೊತ್ತಿರುತ್ತಿತ್ತು, ಅವನು 197ಕ್ಕೆ ಯಾಕೆ ಫೋನ್ ಮಾಡ್ತಾನೆ?

ಅಂದ್ರೆ ಹಳೇ ಕಾಲ ಚೆನ್ನಾಗಿತ್ತು ಅಂತ ಹೊಗಳೋಕೆ ನಾನು ಕೂತಿಲ್ಲ. ದಪ್ಪ ಟೆಲಿಫೋನ್ ಡೈರೆಕ್ಟರಿಯಲ್ಲಿ ಫೋನ್ ಇದ್ದವರ ಹೆಸರು ಮಾತ್ರ ಇರ್ತಿತ್ತು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಸೈಕಲ್ ಶಾಪಿನವನಿಗೆ, ಟೈಲರಿಗೆ, ಕುಲುಮೆಯವನಿಗೆ ಆ ಪುಸ್ತಕದಲ್ಲಿ ಜಾಗ ಎಲ್ಲಿಂದ ಬರಬೇಕು? ಪುಸ್ತಕ ಅಚ್ಚಾಗಿ ಮನೆಗೆ ಬರೋ ಹೊತ್ತಿಗೆ ಎಷ್ಟೋ ನಂಬರ್ ಬದಲಾಗಿರ್ತಿದ್ದವು. ದೋಷಗಳು ಬೇಕಾದಷ್ಟಿದ್ದವು.

ಆದರೆ ಆ ಪುಸ್ತಕಕ್ಕೆ ಒಂದು ದೊಡ್ಡ ಗುಣ ಇತ್ತು. ಬಿಳಿ ಪುಟದಲ್ಲಿ ಹೆಸರು ಬರೋದು ಅಕ್ಷರಮಾಲೆಯ ಕ್ರಮದಲ್ಲಿ. ದೊಡ್ಡ ಸಾಹುಕಾರ, ಸಣ್ಣ ವರ್ತಕ ಎಲ್ಲರಿಗೂ ಒಂದೊಂದು ಸಾಲು, ಒಂದೇ ಅಳತೆಯ ಅಕ್ಷರ. ದುಡ್ಡು ಜಾಸ್ತಿ ಕೊಟ್ಟರೂ ವೆಂಕಟೇಶ್ವರ ಸ್ಟೋರ್ಸ್ ಅನಂತ ಸ್ಟೋರ್ಸ್‌ಗಿಂತ ಮೇಲೆ ಬರೋ ಹಾಗಿಲ್ಲ. ಅಮೆರಿಕದಲ್ಲಿ ಕೆಲವರು ಅಂಗಡಿಗೆ ಎಎಎ ಅಂತ ಹೆಸರಿಟ್ಟು ಮೊದಲ ಸಾಲಿಗೆ ನುಗ್ಗಿದರು, ನಿಜ. ನಮ್ಮೂರುಗಳಲ್ಲಿ ಆ ಆಟ ನಡೆಯಲ್ಲ. ಇಲ್ಲಿ ಎಲ್ಲರದ್ದೂ ಶುರುವಾಗೋದೇ ಶ್ರೀಕಾರದಿಂದ!

ಜಾಹೀರಾತು ಇರಲಿಲ್ಲ ಅಂತಲ್ಲ, ಇತ್ತು. ಅದಕ್ಕೆ ಬೇರೆ ಬಣ್ಣ ಇತ್ತು. ಯೆಲ್ಲೋ ಪೇಜಸ್ ಅಂದರೆ ದುಡ್ಡು ಕೊಟ್ಟವರ ಪುಟ. ಇಲ್ಲಿ ದೊಡ್ಡ ಅಕ್ಷರ ಇದೆ ಅಂದ್ರೆ ದೊಡ್ಡ ಅಂಗಡಿ ಅಂತಲ್ಲ, ದೊಡ್ಡ ಬಿಲ್ ಕಟ್ಟಿದ್ದಾನೆ ಅಂತ ಅರ್ಥ. ಇದು ಓದುಗನಿಗೆ ಪುಟ ತೆಗೆದ ತಕ್ಷಣ ಕಣ್ಣಿಗೇ ಗೊತ್ತಾಗ್ತಿತ್ತು.

ಈ ಹಳದಿ ಪುಟದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಒಂದು ದೊಡ್ಡ ವ್ಯಾಜ್ಯವೇ ನಡೆದಿದೆ. ಟಾಟಾ ಪ್ರೆಸ್ ಕಂಪನಿ ತನ್ನದೇ ಯೆಲ್ಲೋ ಪೇಜಸ್ ಅಚ್ಚು ಹಾಕಿತು. ಮುಂಬೈ, ದಿಲ್ಲಿಯಲ್ಲಿ ಫೋನ್ ನೋಡಿಕೊಳ್ತಿದ್ದ ಎಂಟಿಎನ್‌ಎಲ್, ಟೆಲಿಫೋನ್ ಡೈರೆಕ್ಟರಿ ಅಚ್ಚು ಹಾಕೋ ಹಕ್ಕು ನನಗೊಬ್ಬನಿಗೇ ಅಂತ ಕೋರ್ಟಿಗೆ ಹೋಯ್ತು. 1995ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಟಾಟಾ ಪ್ರೆಸ್ ಪರ ತೀರ್ಪು ಕೊಟ್ಟಿತು. ವ್ಯಾಪಾರಿ ತನ್ನ ಸರಕಿನ ಬಗ್ಗೆ ಹೇಳಿಕೊಳ್ಳೋದೂ ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತೆ ಅಂತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಆ ತೀರ್ಪಿನಲ್ಲಿದೆ. ಹೇಳೋರ ಹಕ್ಕಿನ ಜೊತೆಗೆ ಕೇಳೋರ ಹಕ್ಕೂ ಇದೆ, ಆ ಮಾಹಿತಿ ಪಡೆಯೋ ಹಕ್ಕು ಜನರಿಗೂ ಇದೆ ಅಂತ. ವಕೀಲರು ಈ ತೀರ್ಪನ್ನ ಜಾಹೀರಾತು ಕಂಪನಿಗಳ ಪರವಾಗಿ ಎತ್ತಿ ಹೇಳ್ತಾರೆ. ನನಗೆ ಅದರಲ್ಲಿ ಕಾಣೋದು ಚಿಂತಾಮಣಿಯಲ್ಲಿ ಮೋಟಾರ್ ಸುಟ್ಟುಕೊಂಡು ನಂಬರ್ ಹುಡುಕ್ತಾ ನಿಂತಿರೋ ರೈತ. ಅವನಿಗೂ ಸರಿಯಾದ ನಂಬರ್ ತಿಳಿಯೋ ಹಕ್ಕಿದೆ.

ಬಿಳಿ ಪುಟ ಹೋಯ್ತು. ಮೊಬೈಲ್ ಕಂಪನಿಗಳು ಡೈರೆಕ್ಟರಿ ತರಲಿಲ್ಲ, ತರದೇ ಇದ್ದದ್ದೂ ಒಂದು ರೀತಿ ಒಳ್ಳೇದೇ. ಮೊಬೈಲ್ ಒಬ್ಬ ಮನುಷ್ಯನ ಜೇಬಿನಲ್ಲಿರೋ ವಸ್ತು, ಎಲ್ಲರ ನಂಬರನ್ನೂ ಪುಸ್ತಕದಲ್ಲಿ ಹರಡಿದರೆ ಹೆಣ್ಣುಮಕ್ಕಳ ಪಾಡೇನು? ಆದರೆ ಅದರ ಜೊತೆಗೆ ಅಂಗಡಿಗಳ ನಂಬರೂ ಕತ್ತಲಿಗೆ ಹೋಯ್ತು. ಯಾಕಂದ್ರೆ ನಮ್ಮೂರುಗಳಲ್ಲಿ ಅಂಗಡಿ ನಂಬರ್, ಮನೆ ನಂಬರ್ ಅಂತ ಎರಡಿಲ್ಲ. ಅಂಗಡಿಯವನು ಊಟಕ್ಕೆ ಹೋದರೆ ಅಂಗಡಿಯ ಫೋನೂ ಊಟಕ್ಕೆ ಹೋಗುತ್ತೆ.

ಆ ಖಾಲಿ ಜಾಗಕ್ಕೆ ಬಂದದ್ದು ಜಸ್ಟ್ ಡಯಲ್. 1996ರಲ್ಲಿ ಮುಂಬೈಯಲ್ಲಿ ಶುರು. ಫೋನ್ ಮಾಡಿ ಇಂಥಾ ಏರಿಯಾದಲ್ಲಿ ಪ್ಲಂಬರ್ ಬೇಕು ಅಂದರೆ ಸಾಕು, ಅವನಪ್ಪನ ಹೆಸರು ಕೇಳ್ತಿರಲಿಲ್ಲ. ಹೆಸರು ಗೊತ್ತಿಲ್ಲದೆ ಕೆಲಸ ಹೇಳಿ ನಂಬರ್ ಪಡೆಯೋದು 197 ಎಂದೂ ಮಾಡದ ಉಪಕಾರ, ಅದನ್ನ ಒಪ್ಪಬೇಕು. 2007ಕ್ಕೆ ಅವರ ವೆಬ್‌ಸೈಟ್ ಬಂತು, 2013ಕ್ಕೆ ಷೇರು ಮಾರುಕಟ್ಟೆಗೆ ಬಂದರು, 2021ರಲ್ಲಿ ರಿಲಯನ್ಸ್ ರೀಟೇಲ್ ಅದನ್ನ ಕೊಂಡುಕೊಂಡಿತು. ಕೇಳೋರಿಗೆ ಅಂದಿನಿಂದ ಇಂದಿನವರೆಗೂ ಪುಕ್ಕಟೆ. ಹಾಗಾದರೆ ದುಡ್ಡು ಎಲ್ಲಿಂದ? ಪಟ್ಟಿಯಲ್ಲಿ ಮೇಲೆ ಕಾಣಬೇಕು, ಗಿರಾಕಿಯ ವಿವರ ತಮಗೆ ಬರಬೇಕು ಅಂತ ದುಡ್ಡು ಕಟ್ಟೋ ಅಂಗಡಿಗಳಿಂದ. ಇದರಲ್ಲಿ ಗುಟ್ಟೇನಿಲ್ಲ, ಅದು ಅವರ ವ್ಯಾಪಾರ.

ನನ್ನ ತಕರಾರು ವ್ಯಾಪಾರದ ಬಗ್ಗೆ ಅಲ್ಲ, ಬಣ್ಣದ ಬಗ್ಗೆ. ಇದು ಹಳದಿ ಪುಟ, ಆದರೆ ಬಿಳಿ ಕಾಗದದ ಮೇಲೆ ಅಚ್ಚಾಗಿದೆ. ಪಟ್ಟಿಯ ಮೊದಲ ಹೆಸರು ಯಾಕೆ ಮೊದಲಿದೆ? ಹತ್ತಿರ ಇದೆ ಅಂತಲೋ, ಕೆಲಸ ಚೆನ್ನಾಗಿದೆ ಅಂತಲೋ, ಕಂತು ಕಟ್ಟಿದೆ ಅಂತಲೋ? ಮೂಲೆಯಲ್ಲಿ ಸಣ್ಣಕ್ಷರದ ಒಂದು ಪದ ಅದನ್ನ ಹೇಳುತ್ತೆ, ಕಣ್ಣು ಅಲ್ಲಿಗೆ ಹೋಗೋ ಮುಂಚೆ ಬೆರಳು ಕರೆ ಒತ್ತಿರುತ್ತೆ. ಇದು ಒಂದು ಕಂಪನಿಯ ಮಾತಲ್ಲ, ಹುಡುಕಿಕೊಡೋ ಎಲ್ಲ ಸೈಟುಗಳದ್ದೂ ಇದೇ ಹಾಡು. ಇನ್ನೊಂದು ಸಂಗತಿ: ನೀವು ಒಬ್ಬ ಬೋರ್‌ವೆಲ್‌ನವನ ನಂಬರ್ ಕೇಳ್ತೀರಿ, ಸೈಟು ಮೊದಲು ನಿಮ್ಮ ನಂಬರ್ ಕೇಳುತ್ತೆ. ಕೊಟ್ಟ ಹತ್ತೇ ನಿಮಿಷಕ್ಕೆ ದೇವನಹಳ್ಳಿಯಿಂದ ಒಬ್ಬ, ಹೊಸಕೋಟೆಯಿಂದ ಒಬ್ಬ, ಯಲಹಂಕದಿಂದ ಇಬ್ಬರು ಫೋನ್ ಮಾಡ್ತಾರೆ. ನೀವು ಹುಡುಕಿದ್ದು ಶಿಡ್ಲಘಟ್ಟದವನನ್ನ. ದುಡ್ಡು ಕೊಡಲಿಲ್ಲ ನಿಜ, ಆದರೆ ನಿಮ್ಮ ನಂಬರನ್ನೇ ಕೊಟ್ಟಿರಿ. ಆ ವ್ಯಾಪಾರದಲ್ಲಿ ಸರಕು ಅಂದರೆ ಅದೇ.

ಇದರಿಂದ ನಷ್ಟ ಆಗೋದು ಹುಡುಕುವವನಿಗೆ ಮಾತ್ರ ಅಲ್ಲ. ಶಿಡ್ಲಘಟ್ಟದ ಆ ಬೋರ್‌ವೆಲ್‌ನವನೂ ಅದೇ ಊರಿನ ಗಿರಾಕಿಯನ್ನ ಕಳ್ಕೊಂಡ. ಕಂತು ಕಟ್ಟೋ ಶಕ್ತಿ ಇರೋದು ಬೆಂಗಳೂರಿನ ಅಂಚಿನ ದೊಡ್ಡವರಿಗೆ. ಚಿಕ್ಕಬಳ್ಳಾಪುರ ಬೆಂಗಳೂರಿಗೆ ಅರವತ್ತು ಕಿಲೋಮೀಟರಿನ ಆಸುಪಾಸು; ಮಷೀನಿನ ಲೆಕ್ಕದಲ್ಲಿ ಅದು ನಿಮ್ಮ ಹತ್ತಿರವೇ.

ಇನ್ನು ಗೂಗಲ್ ಮ್ಯಾಪು. ಇದಕ್ಕೆ ನಾನು ಹೆಚ್ಚು ಅಂಕ ಕೊಡ್ತೀನಿ. ಅಂಗಡಿಯವನು ಒಂದು ಪೈಸೆ ಕೊಡದೆ ತನ್ನ ಹೆಸರು, ನಂಬರ್, ತೆರೆಯೋ ಹೊತ್ತು ಹಾಕಿಕೊಳ್ಳಬಹುದು. ಟೆಲಿಫೋನ್ ಡೈರೆಕ್ಟರಿಯಲ್ಲಿ ಎಂದೂ ಜಾಗ ಸಿಗದಿದ್ದ ಗಲ್ಲಿಯ ಟೈಲರಿಗೂ ಇಲ್ಲಿ ಒಂದು ಚುಕ್ಕೆ ಇದೆ. ಆದರೆ ನಮ್ಮ ನಾಲ್ಕೂ ಊರಿನವರಿಗೆ ಇಲ್ಲಿ ಒಂದು ವಿಚಿತ್ರ ಕಷ್ಟ ಇದೆ, ಅದು ಕಾಗುಣಿತ. ಶಿಡ್ಲಘಟ್ಟವನ್ನ ಇಂಗ್ಲಿಷಿನಲ್ಲಿ ಕೆಲವರು ಎಸ್ ಹಾಕಿ ಬರೀತಾರೆ, ಕೆಲವರು ಎಸ್‌ಎಚ್. ಗೌರಿಬಿದನೂರಿನ ಗೌ ಮೂರು ಥರ. ಚಿಕ್ಕಬಳ್ಳಾಪುರಕ್ಕೆ ಒಂದು ಕೆ, ಎರಡು ಕೆ, ಸಿ ಮತ್ತು ಕೆ, ಕೊನೆಯಲ್ಲಿ ಎ ಇರೋದು, ಇಲ್ಲದ್ದು. ಶ್ರೀ ಅನ್ನೋ ಒಂದೇ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ವೇಷ. ಚಿಂತಾಮಣಿ ಅಂತ ಬರೆದರೋ ಕಥೆಯೇ ಬೇರೆ: ಪುಣೆ ಹತ್ತಿರದ ಥೇವೂರಿನ ಚಿಂತಾಮಣಿ ಗಣಪತಿ ಬರ್ತಾನೆ, ಚಿನ್ನದಂಗಡಿ ಬರುತ್ತೆ, ಮನುಷ್ಯರೂ ಬರ್ತಾರೆ, ನಮ್ಮ ಕೈವಾರದ ಪಕ್ಕದ ಊರು ಮಾತ್ರ ಕೆಳಗೆಲ್ಲೋ ಇರುತ್ತೆ. ಆದ್ದರಿಂದ ಮೊದಲು ಕನ್ನಡದಲ್ಲೇ ಬರೆದು ಹುಡುಕಿ, ಬೋರ್ಡಿನಲ್ಲಿ ಇರೋ ಹಾಗೇ. ಸಿಗದಿದ್ದರೆ ಇಂಗ್ಲಿಷಿನ ಎರಡು ಮೂರು ಕಾಗುಣಿತ ಹಾಕಿ ನೋಡಿ. ಊರಿನ ಹೆಸರಿಗಿಂತ ಪಿನ್‌ಕೋಡ್ ಹಾಕಿದರೆ ಇನ್ನೂ ವಾಸಿ.

ಮ್ಯಾಪಿನಲ್ಲಿ ಇನ್ನೊಂದು ಉಪಾಯ ಇದೆ, ಬಹಳ ಜನ ಬಳಸಲ್ಲ. ಅಂಗಡಿ ಹೆಸರಿನ ಕೆಳಗೆ ಇರೋ ನಂಬರ್ ಬಿಡಿ, ಅಲ್ಲಿ ಜನ ಹಾಕಿರೋ ಫೋಟೋ ತೆಗೀರಿ. ಅಂಗಡಿಯ ಮುಂಭಾಗದ ಫೋಟೋ ಇದ್ದರೆ ದೊಡ್ಡದು ಮಾಡಿ ಬೋರ್ಡ್ ಓದಿ. ಪ್ರೊಪ್ರೈಟರ್ ಹೆಸರಿನ ಪಕ್ಕದಲ್ಲಿ ಸೆಲ್ ಅಂತ ಬರೆದ ನಂಬರ್ ಇರುತ್ತೆ. ಪರದೆಯ ಮೇಲಿನ ನಂಬರನ್ನ ಯಾರು ಬೇಕಾದರೂ ಹಾಕಿರಬಹುದು. ಬೋರ್ಡಿನ ನಂಬರನ್ನ ಅಂಗಡಿಯವನು ಪೇಂಟರಿಗೆ ದುಡ್ಡು ಕೊಟ್ಟು, ಪಕ್ಕದಲ್ಲಿ ನಿಂತು ಬರೆಸಿರ್ತಾನೆ. ಎರಡೂ ಒಂದೇ ಇದ್ದರೆ ಧೈರ್ಯವಾಗಿ ಒತ್ತಿ. ಬೇರೆ ಬೇರೆ ಇದ್ದರೆ ಬೋರ್ಡನ್ನ ನಂಬಿ.

ಇದು ಬರೀ ಎಚ್ಚರಿಕೆಗೆ ಹೇಳಿದ ಮಾತಲ್ಲ. ಮ್ಯಾಪಿನ ಯಾವ ಜಾಗಕ್ಕಾದರೂ ತಿದ್ದುಪಡಿ ಸೂಚಿಸೋಕೆ ಎಲ್ಲರಿಗೂ ಅವಕಾಶ ಇದೆ. ಒಳ್ಳೆಯವರು ತಪ್ಪು ಸರಿ ಮಾಡಲಿ ಅಂತ ಇಟ್ಟ ಬಾಗಿಲು ಅದು, ಕಳ್ಳರೂ ಅದರಲ್ಲೇ ನುಗ್ಗಿದರು. 2018ರಲ್ಲೇ ಮಹಾರಾಷ್ಟ್ರದಲ್ಲಿ ಬ್ಯಾಂಕಿನ ಹೆಸರಿನ ಮುಂದೆ ತಮ್ಮ ನಂಬರ್ ಹಾಕಿ, ಫೋನ್ ಮಾಡಿದ ಗಿರಾಕಿಗಳಿಂದ ಕಾರ್ಡಿನ ವಿವರ ಕಿತ್ತುಕೊಂಡ ಪ್ರಕರಣಗಳು ಸುದ್ದಿಯಾದವು. ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿ ಮೋಸ ಹೋಗೋದು ಇವತ್ತಿಗೂ ನಿಂತಿಲ್ಲ.

ಇದರ ಪೆಟ್ಟು ಎಲ್ಲಿ ಬೀಳುತ್ತೆ ನೋಡಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿದ ರೈತ ಇದ್ದಾನೆ ಅನ್ನಿ. ಹುಳು ಮೇಯಿಸಿದ್ದು ಇಪ್ಪತ್ತೈದು ದಿನದ ಆಸುಪಾಸು, ಹಗಲು ರಾತ್ರಿ ಮನೆಮಂದಿಯೆಲ್ಲ ಸೊಪ್ಪು ಕೊಯ್ದು ಹಾಕಿದ್ದು. ದುಡ್ಡು ಖಾತೆಗೆ ಬಂದಿದೆಯೋ ಇಲ್ಲವೋ ಅಂತ ಬ್ಯಾಂಕಿನ ನಂಬರ್ ಹುಡುಕ್ತಾನೆ. ಮೊದಲು ಸಿಕ್ಕ ನಂಬರ್ ಒತ್ತುತ್ತಾನೆ. ಆಚೆ ಕಡೆಯವನು ಒಳ್ಳೇ ಮಾತಲ್ಲಿ "ಸಾರ್, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿದೆ, ಹೇಳಿ" ಅಂತಾನೆ. ಒಂದು ಬೆಳೆಯ ದುಡ್ಡು ಎರಡು ನಿಮಿಷಕ್ಕೆ ಹೋಯ್ತು. ಪುಕ್ಕಟೆ ಸಿಕ್ಕ ನಂಬರಿಗೆ ತೆತ್ತ ಬೆಲೆ ಅದು. ಬ್ರಿಟನ್ನಿನವರ 3.65 ಪೌಂಡು ಇದರ ಮುಂದೆ ಯಾವ ಲೆಕ್ಕ?

ಆದ್ದರಿಂದ ಬ್ಯಾಂಕಿನ ನಂಬರನ್ನ ಹುಡುಕಲೇಬೇಡಿ. ಅದು ನಿಮ್ಮ ಮನೆಯಲ್ಲೇ ಇದೆ: ಪಾಸ್‌ಬುಕ್ಕಿನಲ್ಲಿ, ಎಟಿಎಂ ಕಾರ್ಡಿನ ಬೆನ್ನ ಮೇಲೆ. ಗ್ಯಾಸ್ ಏಜೆನ್ಸಿಯ ನಂಬರ್ ಗ್ಯಾಸ್ ಪುಸ್ತಕದಲ್ಲಿದೆ. ಸರ್ಕಾರಿ ಕಚೇರಿಗಳದ್ದು ಜಿಲ್ಲಾಡಳಿತದ ಜಾಲತಾಣದಲ್ಲಿದೆ, ಅದರ ವಿಳಾಸ ಕೊನೆಯಲ್ಲಿ ಡಾಟ್ ಎನ್‌ಐಸಿ ಡಾಟ್ ಇನ್ ಅಂತ ಇರಬೇಕು. ಮೋಸ ಆಗೇಹೋಯ್ತು ಅಂದರೆ ತಡ ಮಾಡದೆ 1930, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯೋಕೆ ಅಷ್ಟು ಅವಕಾಶ.

ಹಾಗೆ ನೋಡಿದರೆ ನಂಬರ್ ಬರೆಯಲೇಬೇಕು ಅಂತ ಕಾನೂನೇ ಹೇಳೋ ಜಾಗಗಳೂ ಇವೆ. ಪ್ಯಾಕೆಟ್ ಮಾಡಿ ಮಾರೋ ಸರಕಿನ ಮೇಲೆ ದೂರು ಹೇಳಬೇಕಾದವರ ಹೆಸರು, ವಿಳಾಸ, ಫೋನ್ ನಂಬರ್, ಇಮೇಲ್ ಇರಬೇಕು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಹೇಳುತ್ತೆ. ಮೆಣಸಿನಪುಡಿಯಿಂದ ಹಿಡಿದು ಮಿಕ್ಸಿಯವರೆಗೆ. ಆನ್‌ಲೈನಿನಲ್ಲಿ ಮಾರೋರು ಕಸ್ಟಮರ್ ಕೇರ್ ನಂಬರ್, ದೂರು ನೋಡಿಕೊಳ್ಳೋ ಅಧಿಕಾರಿಯ ಹೆಸರು ಹಾಕಬೇಕು, ದೂರು ಬಂದ 48 ಗಂಟೆಯೊಳಗೆ ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತೆ. ನಂಬರ್ ಎತ್ತದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಪಂಪ್‌ಸೆಟ್, ಟ್ರ್ಯಾಕ್ಟರ್, ಡ್ರಿಪ್ ಸಾಮಾನಿನ ಅಂಗಡಿ ಬೇಕು ಅಂದ್ರೆ ಊರಲ್ಲಿ ಹುಡುಕೋ ಬದಲು ಮಷೀನಿನ ಮೇಲೆ ಅಂಟಿಸಿರೋ ಕಂಪನಿಯ 1800 ನಂಬರಿಗೆ ಮಾಡಿ, ಚಿಂತಾಮಣಿಯಲ್ಲಿ ನಿಮ್ಮ ಡೀಲರ್ ಯಾರು ಅಂತ ಕೇಳಿ. ಕರೆಗೆ ದುಡ್ಡಿಲ್ಲ, ತಮ್ಮ ಡೀಲರ್ ಯಾರು ಅನ್ನೋದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?

ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇದ್ದರೆ ಅದೂ ಉಪಯೋಗಕ್ಕೆ ಬರುತ್ತೆ. ಹದಿನೈದು ಅಕ್ಷರ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಜಾಲತಾಣದಲ್ಲಿ ಅದನ್ನ ಹಾಕಿದರೆ ಅಂಗಡಿಯ ನಿಜವಾದ ಹೆಸರು, ವಿಳಾಸ ಬರುತ್ತೆ. ಫೋನ್ ನಂಬರ್ ಬರಲ್ಲ. ಆದರೆ ಫೋನಿನಲ್ಲಿ ಅಡ್ವಾನ್ಸ್ ಕೇಳ್ತಿರೋ ಮನುಷ್ಯ ನಿಜವಾಗಿ ಗೌರಿಬಿದನೂರಿನವನೋ ಇಲ್ಲ ಎಲ್ಲೋ ಕೂತು ಆಟ ಆಡ್ತಿದ್ದಾನೋ ಅಂತ ತಿಳಿಯೋಕೆ ಅಷ್ಟು ಸಾಕು. "ನಿಮ್ಮ ಜಿಎಸ್‌ಟಿ ನಂಬರ್ ಹೇಳಿ" ಅಂದ ತಕ್ಷಣ ಲೈನ್ ಕಟ್ ಆದರೆ ಉತ್ತರ ಸಿಕ್ಕಿತು ಅಂತ ತಿಳ್ಕೊಳಿ. ಎಲ್ಲ ಸಣ್ಣ ಅಂಗಡಿಗೂ ಜಿಎಸ್‌ಟಿ ಇರಲ್ಲ, ಇಲ್ಲ ಅಂದ ಮಾತ್ರಕ್ಕೆ ಕಳ್ಳ ಅಂತಲೂ ಅಲ್ಲ.

ಕರೆ ಮಾಡಿದವರ ಹೆಸರು ತೋರಿಸೋ ಆ್ಯಪ್‌ಗಳ ಬಗ್ಗೆ ಎರಡು ಮಾತು. ಅವು ಕೊಡೋದು ಉಲ್ಟಾ ಡೈರೆಕ್ಟರಿ: ನಂಬರಿನಿಂದ ಹೆಸರಿಗೆ. ಅಲ್ಲಿ ಕಾಣೋ ಹೆಸರು ಎಷ್ಟೋ ಸಲ ಆ ಮನುಷ್ಯ ಕೊಟ್ಟದ್ದಲ್ಲ, ಬೇರೆ ಯಾರೋ ಅವನನ್ನ ಕರೆದದ್ದು. ಪಂಪ್ ರಿಪೇರಿ, ಗೂಡು ಬ್ರೋಕರ್, ಹಾಲಿನವನು ಅಂತ. ನಮ್ಮ ಜನ ಹೆಸರಿನ ಜೊತೆ ಕಸುಬು ಸೇರಿಸಿ ಸೇವ್ ಮಾಡ್ಕೊಳ್ಳೋದರಿಂದ ಕೆಲವು ಸಲ ಉಪಯೋಗಕ್ಕೂ ಬರುತ್ತೆ. ಆದರೆ ಒಬ್ಬ ಸಾಲಗಾರ ಸಿಟ್ಟಿನಲ್ಲಿ ಏನೋ ಬೈದು ಸೇವ್ ಮಾಡಿದ್ದರೆ ಅದೂ ಜಗತ್ತಿಗೆ ಕಾಣಬಹುದು. ಬಿಳಿ ಪುಟದಲ್ಲಿ ಹೆಸರು ಕೊಡ್ತಿದ್ದದ್ದು ಚಂದಾದಾರನೇ. ಇಲ್ಲಿ ಬರೆಯೋನು ಒಬ್ಬ, ಬರೆಸಿಕೊಳ್ಳೋನು ಇನ್ನೊಬ್ಬ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ಅಳತೆಗೋಲು ಒಂದೇ: ನಂಬರ್ ಬರೆದವನು ಅದಕ್ಕೆ ಜವಾಬ್ದಾರನೋ ಅಲ್ಲವೋ. ಈ ಅಳತೆಯಲ್ಲಿ ನಮ್ಮೂರುಗಳ ಅತ್ಯುತ್ತಮ ಡೈರೆಕ್ಟರಿ ಯಾವ ಫೋನಿನಲ್ಲೂ ಇಲ್ಲ. ಅದು ಗೋಡೆಯ ಮೇಲಿದೆ. ವರ್ಷದ ಮೊದಲಲ್ಲಿ ಜವಳಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ಕೊಡೋ ಕ್ಯಾಲೆಂಡರ್ ನೋಡಿ: ಮೇಲೆ ದೇವರು, ಮಧ್ಯೆ ತಿಥಿ ನಕ್ಷತ್ರ, ಕೆಳಗೆ ಅಂಗಡಿಯ ಹೆಸರು, ರಸ್ತೆ, ನಂಬರ್. ಆ ನಂಬರ್ ತಪ್ಪಿದ್ದರೆ ಹಾಕಿಸಿದ ದುಡ್ಡು ದಂಡ, ಆದ್ದರಿಂದ ಅಂಗಡಿಯವನೇ ಎರಡು ಸಲ ನೋಡಿ ಅಚ್ಚಿಗೆ ಕೊಟ್ಟಿರ್ತಾನೆ. ಮದುವೆ ಆಲ್ಬಮ್ಮಿನ ಕೊನೇ ಪುಟದಲ್ಲಿ ಸ್ಟುಡಿಯೋದವನ ನಂಬರ್, ಶಾಮಿಯಾನದ ಬಟ್ಟೆಯ ಅಂಚಿನಲ್ಲಿ ಸಪ್ಲೈಯರ್ಸ್ ನಂಬರ್, ಬೋರ್ ಲಾರಿಯ ಮಗ್ಗುಲಲ್ಲಿ ಅಷ್ಟುದ್ದ ನಂಬರ್, ಮುಚ್ಚಿದ ಷಟರಿನ ಮೇಲೆ ಬಣ್ಣದಲ್ಲಿ ಬರೆದ ನಂಬರ್. ಅಂಗಡಿ ಮುಚ್ಚಿದಾಗಲೇ ಅಲ್ವಾ ನಂಬರ್ ಬೇಕಾಗೋದು!

ಇದೂ ಕೈಗೆ ಸಿಗದಿದ್ದರೆ ಪಕ್ಕದ ಅಂಗಡಿ. ಬೇಕಾದ ಅಂಗಡಿಯ ನಂಬರ್ ಇಲ್ಲ, ಅದೇ ಸಾಲಿನ ಮೆಡಿಕಲ್ ಸ್ಟೋರಿನದ್ದೋ ಹೋಟೆಲಿನದ್ದೋ ಇದೆ. ಅಲ್ಲಿಗೆ ಮಾಡಿ "ಅಣ್ಣಾ, ನಿಮ್ಮ ಪಕ್ಕದ ಹಾರ್ಡ್‌ವೇರ್‌ನವರ ನಂಬರ್ ಸ್ವಲ್ಪ ಕೊಡ್ತೀರಾ" ಅಂದ್ರೆ ಆಗಲ್ಲ ಅನ್ನೋರು ಕಡಿಮೆ. ಕನ್ನಡ ಆದರೂ ಸರಿ, ತೆಲುಗು ಆದರೂ ಸರಿ, ಈ ನಾಲ್ಕು ಊರಿನಲ್ಲಿ ಎರಡೂ ನಡೆಯುತ್ತೆ. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಜಗತ್ತಿನ ಮೊದಲ ಟೆಲಿಫೋನ್ ಡೈರೆಕ್ಟರಿ ಬಂದಾಗ ಅದು ಒಂದೇ ಹಾಳೆ, ಐವತ್ತು ಹೆಸರು, ಒಂದಕ್ಕೂ ನಂಬರ್ ಇರಲಿಲ್ಲ. ಹೆಸರು ಹೇಳಿದರೆ ಎಕ್ಸ್‌ಚೇಂಜಿನವರೇ ಜೋಡಿಸಿ ಕೊಡ್ತಿದ್ದರು. ನಮ್ಮ ಬಜಾರ್ ಬೀದಿಗಳು ಇವತ್ತಿಗೂ ಆ ಕೆಲಸ ಮಾಡ್ತಿವೆ.

ಆದರೆ ಬರೀ ಪಕ್ಕದವರ ಒಳ್ಳೇತನದ ಮೇಲೆ ಊರು ನಡೀಬೇಕಾ? ಪರಿಚಯ ಇದ್ದವನಿಗೆ ಸಿಗುತ್ತೆ. ಹೊಸದಾಗಿ ಬಂದ ಮೇಷ್ಟ್ರಿಗೆ, ಬೇರೆ ಜಿಲ್ಲೆಯಿಂದ ಗೂಡು ತಂದವನಿಗೆ, ಒಂಟಿಯಾಗಿರೋ ಮುದುಕಿಗೆ ಯಾರು ಕೊಡ್ತಾರೆ? ಅವರಿಗಾಗಿ ಒಂದು ಬಿಳಿ ಪುಟ ಇರಬೇಕು. ಅದಕ್ಕೆ ಹೊಸ ಕಂಪನಿ ಬೇಡ, ಹೊಸ ಆ್ಯಪ್ ಬೇಡ. ಊರಿನ ಅಂಗಡಿಗಳಿಗೆ ಉದ್ದಿಮೆ ಪರವಾನಗಿ ಕೊಡೋದು ಅಲ್ಲಿನ ಪೌರಾಡಳಿತ. ಅಂಗಡಿಯ ಹೆಸರು, ಕಸುಬು, ವಾರ್ಡು, ರಸ್ತೆ ಎಲ್ಲ ಆ ಅರ್ಜಿಯಲ್ಲೇ ಬಂದಿರುತ್ತೆ. ಅದೇ ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಲಿ: ನಿಮ್ಮ ವ್ಯಾಪಾರದ ಫೋನ್ ನಂಬರ್ ಪ್ರಕಟಿಸಲು ಒಪ್ಪಿಗೆ ಇದೆಯೇ? ಹೌದು ಅಂದವರದ್ದು ಮಾತ್ರ ತೆಗೆದು, ಕಸುಬಿನ ಪ್ರಕಾರ, ಅಕ್ಷರಮಾಲೆಯ ಕ್ರಮದಲ್ಲಿ, ಕನ್ನಡದಲ್ಲಿ ಪಟ್ಟಿ ಮಾಡಿ ಜಾಲತಾಣದಲ್ಲಿ ಹಾಕಲಿ, ಒಂದು ಪ್ರತಿ ಗ್ರಂಥಾಲಯದಲ್ಲಿ ಇಡಲಿ. ವರ್ಷ ವರ್ಷ ಪರವಾನಗಿ ನವೀಕರಿಸುವಾಗ ನಂಬರೂ ನವೀಕರಣ ಆಗುತ್ತೆ. ಯಾರೂ ದುಡ್ಡು ಕೊಟ್ಟು ಮೇಲೆ ಹೋಗೋ ಹಾಗಿಲ್ಲ, ಯಾರೂ ಒಪ್ಪಿಗೆ ಇಲ್ಲದೆ ಒಳಗೆ ಬರೋ ಹಾಗಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ನಾಲ್ಕರಲ್ಲಿ ಯಾವುದಾದರೂ ಒಂದು ಊರು ಮೊದಲು ಮಾಡಿ ತೋರಿಸಲಿ, ಉಳಿದ ಮೂರು ಪೈಪೋಟಿಗಾದರೂ ಮಾಡ್ತವೆ. ಮುಂದಿನ ಸಲ ವಾರ್ಡ್ ಸದಸ್ಯರು ಎದುರಿಗೆ ಸಿಕ್ಕಾಗ ಚರಂಡಿಯ ಮಾತು ಮುಗಿಸಿ ಇದನ್ನೂ ಒಂದು ಮಾತು ಕೇಳಿ. ಅಲ್ಲೀವರೆಗೆ ಹಳೇ ಬಿಲ್ಲುಗಳನ್ನ ಬಿಸಾಡಬೇಡಿ, ಹೋದ ವರ್ಷದ ಕ್ಯಾಲೆಂಡರ್ ಕೂಡ.